ಪುನರ್ನಿರ್ಮಿತ ಅಂಗದಲ್ಲಿ ಸ್ಪರ್ಶಜ್ಞಾನ: ಆಧಾರಗಳ ಮೌನವನ್ನು ಕುರಿತು

ಸ್ತನದ ಕ್ಯಾನ್ಸರಿಗೆ ಗುರಿಯಾದ ಸ್ತ್ರೀಯ ಸ್ತನವನ್ನು ತೆಗೆದುಹಾಕಿದ ಬಳಿಕ, ಆಕೆಯ ಹೊಟ್ಟೆಯ ಅಥವಾ ಬೆನ್ನಿನ ಚರ್ಮವನ್ನೂ ಕೊಬ್ಬನ್ನೂ ಬಳಸಿ ಹೊಸದೊಂದು ಸ್ತನವನ್ನು ರಚಿಸುವ ಶಸ್ತ್ರಚಿಕಿತ್ಸೆ ಈಗ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ಹೀಗೆ ರಚಿತವಾದ ಅಂಗವು ನೋಟಕ್ಕೆ ಬಹುಮಟ್ಟಿಗೆ ಸಹಜವಾಗಿಯೇ ಇರುತ್ತದೆ. ಆದರೆ ಅದನ್ನು ಮುಟ್ಟಿದರೆ ಆ ಸ್ತ್ರೀಗೆ ಮೊದಮೊದಲು ತಿಳಿಯುವುದಿಲ್ಲ. ಕಾಲಕ್ರಮದಲ್ಲಿ ತಿಳಿದರೂ ಅರೆಬರೆಯಾಗಿ, ಮಸುಕಾಗಿ ತಿಳಿಯುತ್ತದೆ. ಬಿಸಿಯೂ ತಂಪೂ ಆ ಎಡೆಯಲ್ಲಿ ಒಂದೇ ಆಗಿರುತ್ತವೆ. ಈ ಕೊರತೆಯನ್ನು ನೀಗಿಸಲು ಎದೆಯ ನರವನ್ನು ಹೊಸ ಅಂಗದ ನರಕ್ಕೆ ಜೋಡಿಸುವ ಪ್ರಯತ್ನಗಳು ೧೯೯೦ರ ದಶಕದಿಂದೀಚೆಗೆ ನಡೆದುಬಂದಿವೆ.

ಇದು ವೈದ್ಯರ ವಿಷಯ. ಇತಿಹಾಸವನ್ನು ಬೋಧಿಸುವ ನಮಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಚರ್ಮವನ್ನು ಒಂದೆಡೆಯಿಂದ ಮತ್ತೊಂದೆಡೆಗೆ ತಿರುಗಿಸಿ ಅಂಗವನ್ನು ಕಟ್ಟುವ ವಿದ್ಯೆ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಅದು ಪಾಶ್ಚಾತ್ಯರ ಅರಿವಿಗೆ ಬಂದ ಪ್ರಸಂಗವಂತೂ ಮೈಸೂರಿನ ಯುದ್ಧವೊಂದರೊಡನೆ ಹೆಣೆದುಕೊಂಡಿದೆ. ಇಷ್ಟು ಹಳೆಯ ವಿದ್ಯೆಯಲ್ಲಿ, ಕಟ್ಟಿದ ಅಂಗಕ್ಕೆ ಸ್ಪರ್ಶ ಬಂದಿತೇ ಎಂಬ ಪ್ರಶ್ನೆ ಇಷ್ಟು ತಡವಾಗಿ ಏಕೆ ಎದ್ದಿತು? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಉತ್ತರ ಅರ್ಧ ದೇಹರಚನೆಯಲ್ಲಿದೆ, ಅರ್ಧ ದಾಖಲೆಗಳ ಸ್ವಭಾವದಲ್ಲಿದೆ. ಬರೆದಿಟ್ಟವರು ಕಣ್ಣಿಗೆ ಕಂಡದ್ದನ್ನು ಬರೆದರು. ರೋಗಿಗೆ ಅನಿಸಿದ್ದನ್ನು ಕೇಳಿದವರು ವಿರಳ. ಆಧಾರಗಳು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ವಿಚಾರಿಸುವುದು ಇತಿಹಾಸಕಾರನ ಕೆಲಸವೇ ಆದುದರಿಂದ ಈ ಬರೆಹಕ್ಕೆ ಕೈಹಾಕಿದ್ದೇವೆ.

ಮೊದಲು ನಮ್ಮ ಸುತ್ತಣ ಪ್ರದೇಶವನ್ನೇ ನೋಡಬಹುದು. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದು ವಿದಿತವೇ ಆಗಿದೆ. ಜೈನಮುನಿಯಾದ ಉಗ್ರಾದಿತ್ಯನು ರಚಿಸಿದ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥಕ್ಕೆ ಸೇರಿದ ಹಿತಾಹಿತಾಧ್ಯಾಯವು, ನೃಪತುಂಗನ ಸಭೆಯಲ್ಲಿ ಅವನು ಮಾಂಸಾಹಾರದ ನಿಷ್ಪ್ರಯೋಜಕತೆಯನ್ನು ಪ್ರತಿಪಾದಿಸಿದನೆಂದು ತಿಳಿಸುತ್ತದೆ. ಈ ನೃಪತುಂಗನು ಅಮೋಘವರ್ಷನೇ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಹಾಗಿದ್ದಲ್ಲಿ ಕಾಗಿಣಾ ನದಿಯ ದಡದ ಅರಮನೆಯಲ್ಲಿ ವೈದ್ಯವಿಷಯಕ ಚರ್ಚೆ ನಡೆದಿದ್ದಿತು. ಆದರೆ ಆ ಚರ್ಚೆಯಲ್ಲಿ ಉಳಿದುಬಂದಿರುವುದು ಮತದ ವಾದ, ರೋಗಿಯ ಮಾತಲ್ಲ. ಚಿತ್ತಾಪುರದ ಬಳಿಯ ನಾಗಾವಿಯ ೧೦೫೮ರ ಶಾಸನವು ಘಟಿಕಾಸ್ಥಾನದ ೨೦೦ ಮಂದಿ ವೇದವಿದ್ಯಾರ್ಥಿಗಳನ್ನೂ ೬ ಮಂದಿ ಸರಸ್ವತೀ ಭಂಡಾರಿಗರನ್ನೂ ಎಣಿಸಿ ಹೇಳುತ್ತದೆ. ದೂರದ ಬಳ್ಳಿಗಾವೆಯ ಕೋಡಿಮಠದ ಶಾಸನ ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ ಹೇಳುತ್ತದೆ. ದತ್ತಿ ಎಷ್ಟು, ಯಾರಿಗೆ ಎಂಬುದು ಶಾಸನಕ್ಕೆ ಬೇಕು. ಔಷಧ ಕುಡಿದವನಿಗೆ ಏನಾಯಿತೆಂಬುದು ಅದಕ್ಕೆ ಬೇಡ. ಇದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಶಾಸನದ ಉದ್ದೇಶವೇ ಬೇರೆ.

ಶಸ್ತ್ರವಿದ್ಯೆಯ ಗ್ರಂಥದಲ್ಲಾದರೂ ಈ ಮಾತು ಬರಬೇಕಾಗಿತ್ತಲ್ಲವೇ ಎಂದರೆ, ಸುಶ್ರುತಸಂಹಿತೆಯ ಸೂತ್ರಸ್ಥಾನದ ೧೬ನೆಯ ಅಧ್ಯಾಯವನ್ನು ನೋಡಬೇಕು. ಕತ್ತರಿಸಿಹೋದ ಮೂಗನ್ನು ಮತ್ತೆ ಕಟ್ಟುವ ಕ್ರಮ ಅಲ್ಲಿದೆ. ಮೂಗಿನ ಅಳತೆಗೆ ಒಂದು ಎಲೆಯನ್ನು ಕತ್ತರಿಸಿಕೊಂಡು, ಆ ಅಳತೆಯ ಚರ್ಮವನ್ನು ಕೆನ್ನೆಯಿಂದ, ಒಂದು ಕಡೆ ಅಂಟಿಕೊಂಡಿರುವಂತೆಯೇ ಬಿಡಿಸಿ, ಗಾಯಮಾಡಿದ ಮೂಗಿನ ಬುಡಕ್ಕೆ ಕೂಡಿಸಬೇಕು. ಉಸಿರಿಗಾಗಿ ಎರಡು ನಾಳಗಳನ್ನಿಡಬೇಕು. ಜ್ಯೇಷ್ಠಮಧು, ಅಂಜನ ಮುಂತಾದವುಗಳ ಪುಡಿಯನ್ನು ಉದುರಿಸಿ, ಅರಳೆಯಿಟ್ಟು ಎಳ್ಳೆಣ್ಣೆಯಿಂದ ತೋಯಿಸುತ್ತಿರಬೇಕು. ಕೂಡಿಕೊಂಡ ಬಳಿಕ ಅಂಟನ್ನು ಕತ್ತರಿಸಬೇಕು. ಮೂಗು ಚಿಕ್ಕದಾದರೆ ಬೆಳೆಸಲು, ಮಾಂಸ ಹೆಚ್ಚಾದರೆ ಸಮಮಾಡಲು ಪ್ರಯತ್ನಿಸಬೇಕೆಂಬುದು ಕೊನೆಯ ಮಾತು. ಎಂದರೆ ಕೊನೆಯ ಮಾತೂ ಆಕಾರದ್ದೇ. ಸುಶ್ರುತನಿಗೆ ಸ್ಪರ್ಶದ ವಿಚಾರ ಗೊತ್ತಿರಲಿಲ್ಲವೆಂದಲ್ಲ. ಕುಷ್ಠದ ಲಕ್ಷಣವನ್ನು ಹೇಳುವಾಗ ‘ಸ್ಪರ್ಶಹಾನಿ’ಯೆಂಬ ಪದವನ್ನೇ ಬಳಸುತ್ತಾನೆ. ರೋಗವನ್ನು ಗುರುತಿಸಲು ಸ್ಪರ್ಶಹಾನಿ ಸಾಕ್ಷಿಯಾಯಿತು; ಚಿಕಿತ್ಸೆಯ ಫಲವನ್ನು ಅಳೆಯಲು ಅದು ಮಾನದಂಡವಾಗಲಿಲ್ಲ.

ಮುಂದಿನ ಸಾಕ್ಷ್ಯ ೧೭೯೪ನೆಯ ಇಸವಿಯದು. ಆ ವರ್ಷದ ಅಕ್ಟೋಬರ್ ತಿಂಗಳ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ‘ಬಿ. ಎಲ್.’ ಎಂಬ ಅಂಕಿತವುಳ್ಳ ಒಂದು ಪತ್ರ ಅಚ್ಚಾಯಿತು. ಕಾವಸಜಿಯೆಂಬ ಮರಾಠ ಎತ್ತಿನಾಳು ೧೭೯೨ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಸಾಮಾನು ಸಾಗಿಸುತ್ತಿದ್ದು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕನೆಂದೂ, ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತೆಂದೂ, ಆ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಬಳಿ ಇದ್ದ ಮುಂಬಯಿ ಸೈನ್ಯವನ್ನು ಸೇರಿಕೊಂಡನೆಂದೂ ಪತ್ರ ಹೇಳುತ್ತದೆ. ಯುದ್ಧ ಮುಗಿದು ಮೂರು ವರ್ಷವೂ ಕಳೆಯದಿದ್ದಾಗ, ಗೆದ್ದವರ ರಾಜಧಾನಿಯಲ್ಲಿ ಅಚ್ಚಾದ ವೃತ್ತಾಂತವಿದು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು. ಶಿಕ್ಷೆಯ ಕಥೆಗೆ ಆಗ ಬೇರೊಂದು ಪ್ರಯೋಜನವೂ ಇದ್ದಿತು. ಆದರೆ ಶಸ್ತ್ರಕ್ರಿಯೆಯ ವರ್ಣನೆಯಲ್ಲಿ ಸುಳ್ಳು ಹೇಳುವ ಕಾರಣ ಕಾಣುವುದಿಲ್ಲ.

ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಕಡೆಯ, ಇಟ್ಟಿಗೆ ಮಾಡುವ ಜಾತಿಯ ಒಬ್ಬನು ಹೊಸ ಮೂಗನ್ನು ಕಟ್ಟಿದನು. ಅವನ ಹೆಸರು ಪತ್ರದಲ್ಲಿಲ್ಲ. ಮೇಣದ ತೆಳುವಾದ ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಮತ್ತೆ ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆದನು. ಆ ಗೆರೆಯ ಗುಂಟ ಹಣೆಯ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಒಂದು ಚಿಕ್ಕ ಎಸಳನ್ನು ಅಂಟಿಸಿಯೇ ಉಳಿಸಿಕೊಂಡು, ಚರ್ಮವನ್ನು ಕೆಳಕ್ಕೆ ತಿರುವಿ ಮೂಗಿನ ಬುಡಕ್ಕೆ ಕೂರಿಸಿದನು. ಹೊಲಿಗೆಯಿಲ್ಲ, ನೀರಿನಲ್ಲಿ ಮೆದುಮಾಡಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಹಚ್ಚಿ ಮೇಲಿಟ್ಟನು. ನಾಲ್ಕು ದಿನಗಳ ಬಳಿಕ ತುಪ್ಪದಲ್ಲಿ ನೆನೆಸಿದ ಬಟ್ಟೆ. ಸುಮಾರು ೨೫ನೆಯ ದಿನ ಹುಬ್ಬಿನ ನಡುವಣ ಎಸಳನ್ನು ಕತ್ತರಿಸಲಾಯಿತು. ಮುಂಬಯಿಯ ಇಬ್ಬರು ಆಂಗ್ಲ ವೈದ್ಯರು ಇದನ್ನು ಕಣ್ಣಾರೆ ಕಂಡರು; ಚಿತ್ರಕಾರ ಜೇಮ್ಸ್ ವೇಲ್ಸ್ ಕಾವಸಜಿಯ ಚಿತ್ರವನ್ನು ಬರೆದನು. ಕೃತಕವಾದ ಮೂಗು ಗಟ್ಟಿಯಾಗಿರುತ್ತದೆ, ಸಹಜವಾದುದರಂತೆಯೇ ಬಹುಮಟ್ಟಿಗೆ ಕಾಣುತ್ತದೆ, ಹಣೆಯ ಕಲೆಯೂ ಕಾಲಾಂತರದಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ ಎಂಬುದು ಪತ್ರದ ತೀರ್ಮಾನ. ಗಟ್ಟಿತನ, ನೋಟ, ಕಲೆ: ಈ ಮೂರರ ಆಚೆಗೆ ಪತ್ರ ಹೋಗುವುದಿಲ್ಲ. ನೊಣ ಬಂದು ಕೂತರೆ ಕಾವಸಜಿಗೆ ತಿಳಿಯುತ್ತಿತ್ತೇ ಎಂದು ಯಾರೂ ಕೇಳಿ ಬರೆಯಲಿಲ್ಲ.

ಈ ಪತ್ರವೇ ಯುರೋಪಿನ ಶಸ್ತ್ರವೈದ್ಯರನ್ನು ಎಚ್ಚರಿಸಿತು. ಲಂಡನ್ನಿನ ಜೋಸೆಫ್ ಕಾರ್ಪ್ಯೂ ೧೮೧೪ರ ಅಕ್ಟೋಬರ್ ೨೩ರಂದು ಅದೇ ಕ್ರಮದಲ್ಲಿ ಮೂಗನ್ನು ಕಟ್ಟಿ, ೧೮೧೬ರಲ್ಲಿ ಪುಸ್ತಕ ಬರೆದನು. ಬರ್ಲಿನ್ನಿನ ಗ್ರೇಫೆ ೧೮೧೮ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಹಣೆಯ ಚರ್ಮದಿಂದ ಮೂಗು ಕಟ್ಟುವ ಈ ಕ್ರಮಕ್ಕೆ ‘ಭಾರತೀಯ ವಿಧಾನ’ವೆಂಬ ಹೆಸರು ನಿಂತಿತು. ಹೀಗೆ ವೈದ್ಯನ ಎದುರಿನಲ್ಲಿ, ಆಸ್ಪತ್ರೆಯಲ್ಲಿ, ಅನೇಕ ರೋಗಿಗಳ ಮೇಲೆ ಈ ಕ್ರಿಯೆ ನಡೆಯತೊಡಗಿದಾಗ ಒಂದು ವಿಚಿತ್ರ ಸಂಗತಿ ಹೊರಬಿದ್ದಿತು. ಹೊಸ ಮೂಗನ್ನು ಮುಟ್ಟಿದರೆ ರೋಗಿಯು ಹಣೆಯನ್ನು ಮುಟ್ಟಿದಿರೆಂದು ಹೇಳುತ್ತಿದ್ದನು! ಬರ್ಲಿನ್ನಿನ ಶರೀರಶಾಸ್ತ್ರಜ್ಞ ಯೋಹಾನೆಸ್ ಮ್ಯೂಲರ್ ೧೮೩೦ರ ದಶಕದಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಇದನ್ನು ದೃಷ್ಟಾಂತವಾಗಿ ಎತ್ತಿಕೊಂಡನು. ಹುಬ್ಬುಗಳ ನಡುವಣ ಎಸಳು ಇರುವವರೆಗೆ, ತಿರುಗಿಸಿದ ಚರ್ಮದಲ್ಲಿ ಹಳೆಯ ನರಗಳು ಇರುತ್ತವೆ. ನರವು ತಾನು ಹುಟ್ಟಿದಂದಿನಿಂದ ಹೊತ್ತ ವಿಳಾಸವನ್ನೇ ಮಿದುಳಿಗೆ ಹೇಳುತ್ತದೆ. ಆದುದರಿಂದ ಮೂಗಿನ ಜಾಗದಲ್ಲಿರುವ ಚರ್ಮ ಹಣೆಯಾಗಿಯೇ ಅನುಭವಕ್ಕೆ ಬರುತ್ತದೆ. ಎಸಳನ್ನು ಕತ್ತರಿಸಿದೊಡನೆ ಈ ಸಂಬಂಧ ಕಡಿದುಹೋಗುತ್ತದೆ.

ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದ ಇತಿಹಾಸದಲ್ಲಿ ಇದೇ ಮುಖ್ಯವಾದ ತಿರುವು. ಪುಣೆಯ ಇಟ್ಟಿಗೆಗಾರನೂ ಅವನ ಪೂರ್ವಿಕರೂ ಕಟ್ಟಿದ ಎಷ್ಟು ಮೂಗುಗಳಲ್ಲಿ ಇದೇ ಅನುಭವವಾಗಿರಬೇಕು! ದೇಹ ಬದಲಾಗಲಿಲ್ಲ, ಕ್ರಿಯೆಯೂ ಬದಲಾಗಲಿಲ್ಲ. ಬದಲಾದುದು, ‘ಎಲ್ಲಿ ಮುಟ್ಟಿದೆ, ಹೇಳು’ ಎಂದು ರೋಗಿಯನ್ನು ಕೇಳಿ ಅವನ ಉತ್ತರವನ್ನು ಬರೆದುಕೊಂಡ ಪದ್ಧತಿ.

ಆ ಬಳಿಕ ಪ್ರಶ್ನೆ ಕೇಳುವ ಉಪಕರಣಗಳು ಒಂದೊಂದಾಗಿ ಬಂದವು. ವೇಬರ್ ೧೮೩೪ರಲ್ಲಿ, ದಿಕ್ಸೂಚಿಯಂತೆ ಅಲ್ಲ, ರೇಖಾಗಣಿತದ ಕೈವಾರದಂತೆ ಎರಡು ಮೊನೆಗಳಿಂದ ಚರ್ಮವನ್ನು ಮುಟ್ಟಿ, ಅವು ಎಷ್ಟು ದೂರವಿದ್ದರೆ ಎರಡೆಂದು ತಿಳಿಯುತ್ತವೆ ಎಂಬುದನ್ನು ಅಳೆದನು. ಬೆರಳ ತುದಿಯಲ್ಲಿ ಎರಡು ಮೂರು ಮಿಲಿಮೀಟರಿನ ಅಂತರ ಸಾಕು. ಬೆನ್ನಿನಲ್ಲಿ ಅಂಗುಲಕ್ಕೂ ಮೀರಿದ ಅಂತರ ಬೇಕು. ಶಹಾಬಾದದ ಹಾಸುಗಲ್ಲಿನ ನಯವನ್ನು ಬೆರಳಿಂದ ಪರೀಕ್ಷಿಸುವಂತೆ ಬೆನ್ನಿನಿಂದ ಪರೀಕ್ಷಿಸಲು ಆಗದೆಂಬುದು ಎಲ್ಲರಿಗೂ ಗೊತ್ತು. ವೇಬರ್ ಅದಕ್ಕೆ ಅಂಕಿಯನ್ನು ಕೊಟ್ಟನು. ಫಾನ್ ಫ್ರೈ ೧೮೯೦ರ ದಶಕದಲ್ಲಿ ಬೇರೆ ಬೇರೆ ದಪ್ಪದ ಕೂದಲುಗಳನ್ನು ಕಡ್ಡಿಗೆ ಸಿಕ್ಕಿಸಿ, ಎಷ್ಟು ಒತ್ತಡಕ್ಕೆ ಚರ್ಮ ಎಚ್ಚರಗೊಳ್ಳುತ್ತದೆಂಬುದನ್ನು ಅಳೆದನು. ಮುಂದೆ ೧೯೬೦ರ ಸುಮಾರಿಗೆ ಸೆಮ್ಸ್ ಮತ್ತು ವೈನ್‌ಸ್ಟೈನ್ ಅದೇ ತತ್ತ್ವದ ಮೇಲೆ ನೈಲಾನ್ ಎಳೆಗಳನ್ನು ರೂಪಿಸಿದರು. ಇಂದು ಕುಷ್ಠರೋಗಿಯ ಅಂಗೈಯನ್ನೂ, ಮಧುಮೇಹಿಯ ಅಂಗಾಲನ್ನೂ, ಪುನರ್ನಿರ್ಮಿತ ಸ್ತನವನ್ನೂ ಪರೀಕ್ಷಿಸುವುದು ಈ ಎಳೆಗಳಿಂದಲೇ.

ಕಾಣುವುದಕ್ಕೂ ನಡೆಯುವುದಕ್ಕೂ ಇರುವ ಅಂತರ ಸ್ಪರ್ಶಕ್ಕೆ ಮಾತ್ರ ಸೀಮಿತವಲ್ಲ. ಅನ್ನನಾಳದ ಚಲನೆ ಕೆಟ್ಟು ತುತ್ತು ಇಳಿಯದ ರೋಗವೊಂದನ್ನು ಥಾಮಸ್ ವಿಲ್ಲಿಸ್ ೧೬೭೪ರಲ್ಲಿಯೇ ವರ್ಣಿಸಿದ್ದನು. ತಿಮಿಂಗಿಲದ ಎಲುಬಿನ ಕಡ್ಡಿಗೆ ಸ್ಪಂಜು ಕಟ್ಟಿ ರೋಗಿಯು ತಾನೇ ಅನ್ನವನ್ನು ಕೆಳಕ್ಕೆ ನೂಕಿಕೊಳ್ಳುವಂತೆ ಮಾಡಿದ್ದನು. ಇಂಥ ರೋಗಗಳಲ್ಲಿ, ಅದರಲ್ಲೂ ಆರಂಭದಲ್ಲಿ, ದುರ್ಬೀನಿನ ನಳಿಕೆಯಿಟ್ಟು ನೋಡಿದರೂ ಅನ್ನನಾಳ ಸರಿಯಾಗಿಯೇ ಕಾಣಬಹುದು. ಒಳಗಿನ ಒತ್ತಡವನ್ನು ಗೇಣುಗೇಣಿಗಲ್ಲ, ಸೆಂಟಿಮೀಟರಿಗೊಂದರಂತೆ ಅಳೆಯುವ ಸಾಧನಗಳು ೧೯೯೦ರ ದಶಕದಿಂದ ರೂಪುಗೊಂಡು, ಅವುಗಳ ಆಧಾರದ ಮೇಲೆ ೨೦೦೯ರಲ್ಲಿ ‘ಷಿಕಾಗೋ ವರ್ಗೀಕರಣ’ವೆಂಬುದು ಪ್ರಕಟವಾದ ಬಳಿಕ ಚಲನೆಯ ದೋಷಗಳಿಗೆ ಬೇರೆ ಬೇರೆ ಹೆಸರುಗಳು ನಿಂತವು. ಅಲ್ಲಿಯವರೆಗೆ ‘ಏನೂ ಇಲ್ಲ, ಮನಸ್ಸಿನ ಭ್ರಮೆ’ ಎನಿಸಿಕೊಂಡ ರೋಗಿಗಳು ಎಷ್ಟೋ. ಈ ವಿಷಯವನ್ನು ಇಲ್ಲಿಗೇ ಬಿಡುತ್ತೇವೆ. ನಮ್ಮ ಪ್ರಕೃತಕ್ಕೆ ಬೇಕಾದುದು ಇದರ ಸಾದೃಶ್ಯ ಮಾತ್ರ.

ಸ್ತನದ ಶಸ್ತ್ರಚಿಕಿತ್ಸೆಗೆ ಬರುವ ಮುನ್ನ ನಮ್ಮ ಪ್ರದೇಶದ ಇನ್ನೊಂದು ಅಧ್ಯಾಯವನ್ನು ನೆನೆಯಬೇಕಾಗಿದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ೧೮೭೪ರಲ್ಲಿ ತೆರೆಯಿತು. ಚಿತ್ತಾಪುರ, ಸೇಡಂ ಈ ಮಾರ್ಗದ ಮೇಲೆಯೇ ಇವೆ. ಶಹಾಬಾದ ವಾಡಿಗೆ ಪಕ್ಕದ ನಿಲ್ದಾಣ. ಚಿಂಚೋಳಿಯವರಿಗೆ ಮಾತ್ರ ತಾಂಡೂರಿನವರೆಗೆ ರಸ್ತೆಯೇ ಗತಿ. ಹೀಗೆ ರಾಜಧಾನಿಯಾದ ಹೈದರಾಬಾದಿನ ಆಸ್ಪತ್ರೆಗಳು ಈ ಸೀಮೆಗೆ ಹತ್ತಿರವಾದವು. ಆ ನಗರದಲ್ಲಿ ೧೮೮೮ರಲ್ಲಿ ಒಮ್ಮೆ, ೧೮೮೯ರಲ್ಲಿ ಮತ್ತೊಮ್ಮೆ ಪ್ರಸಿದ್ಧವಾದ ಕ್ಲೋರೋಫಾರ್ಮ್ ಆಯೋಗಗಳು ಕೂಡಿದವು. ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಇದರ ಮುಂದಾಳು. ಮಹಬೂಬ್ ಅಲಿಖಾನ್ ನಿಜಾಮನು ಹಣವನ್ನಿತ್ತನು. ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದನು. ಹೈದರಾಬಾದಿನ ವೈದ್ಯಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿಯೂ ಈ ಕಾರ್ಯದಲ್ಲಿ ಪಾಲ್ಗೊಂಡಿದ್ದಳು. ಅರಿವಳಿಕೆ ಕೊಡುವುದನ್ನೇ ವೃತ್ತಿಯಾಗಿ ಕೈಗೊಂಡ ಜಗತ್ತಿನ ಮೊದಲ ಸ್ತ್ರೀಯರಲ್ಲಿ ಆಕೆ ಒಬ್ಬಳು. ಕ್ಲೋರೋಫಾರ್ಮಿನಿಂದ ಮೊದಲು ಉಸಿರು ನಿಲ್ಲುತ್ತದೆಯೇ ಹೊರತು ಹೃದಯವಲ್ಲವೆಂಬ ಆಯೋಗದ ನಿರ್ಣಯವು ಪೂರ್ಣ ಸತ್ಯವಲ್ಲವೆಂಬುದು ಲೆವಿಯ ೧೯೧೧ರ ಪ್ರಯೋಗಗಳಿಂದ ಸಿದ್ಧವಾಯಿತು. ಅದು ಹಾಗಿರಲಿ. ಸ್ಪರ್ಶವನ್ನೂ ನೋವನ್ನೂ ಕೆಲಹೊತ್ತು ಇಲ್ಲವಾಗಿಸುವುದಕ್ಕಾಗಿ ಒಂದು ಸಂಸ್ಥಾನ ಇಷ್ಟು ಹಣವನ್ನೂ ಶ್ರಮವನ್ನೂ ವ್ಯಯಿಸಿತು. ಕಾಯಮ್ಮಾಗಿ ಹೋದ ಸ್ಪರ್ಶವನ್ನು ಹಿಂದಕ್ಕೆ ತರುವ ಮಾತು ಆಗ ಎಲ್ಲಿಯೂ ಇರಲಿಲ್ಲ. ಅದರಲ್ಲಿ ಆಶ್ಚರ್ಯವೂ ಇಲ್ಲ. ಕೊಯ್ಯುವಾಗಿನ ನೋವು ಕೂಗಿ ಹೇಳುತ್ತದೆ. ಸ್ಪರ್ಶವಿಲ್ಲದ ಚರ್ಮ ಸುಮ್ಮನಿರುತ್ತದೆ.

ಅರಿವಳಿಕೆಯಿಂದಲೇ ಸ್ತನದ ದೊಡ್ಡ ಶಸ್ತ್ರಕ್ರಿಯೆ ಸಾಧ್ಯವಾಯಿತು. ಅಮೆರಿಕದ ಹಾಲ್‌ಸ್ಟೆಡ್ ೧೮೯೪ರಲ್ಲಿ ಪ್ರಕಟಿಸಿದ ಕ್ರಮದಂತೆ ಸ್ತನವನ್ನೂ, ಅದರಡಿಯ ಎದೆಯ ಸ್ನಾಯುಗಳನ್ನೂ, ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆದುಹಾಕಲಾಗುತ್ತಿತ್ತು. ರೋಗ ಮರುಕಳಿಸಿತೇ ಇಲ್ಲವೇ ಎಂಬುದೇ ಅಲ್ಲಿ ಅಳತೆ. ಜೀವ ಉಳಿಯುವುದೇ ದುಸ್ತರವಾಗಿದ್ದ ಕಾಲದಲ್ಲಿ ಅದು ಸಹಜವೇ. ಇಟಲಿಯ ಟಾನ್ಸಿನಿ ೧೯೦೬ರಲ್ಲಿ ಬೆನ್ನಿನ ಚರ್ಮಸ್ನಾಯುಗಳನ್ನು ಮುಂದಕ್ಕೆ ತಿರುವಿ ಗಾಯವನ್ನು ಮುಚ್ಚುವ ಕ್ರಮವನ್ನು ತಿಳಿಸಿದರೂ ಅದು ಬಹುಕಾಲ ಮರೆತುಹೋಗಿದ್ದು ೧೯೭೦ರ ದಶಕದಲ್ಲಿ ಪುನಃ ಬಳಕೆಗೆ ಬಂದಿತು. ಸಿಲಿಕೋನಿನ ಚೀಲವನ್ನಿಡುವ ಕ್ರಮ ೧೯೬೨ರಲ್ಲಿ, ಹೊಟ್ಟೆಯ ಚರ್ಮವನ್ನೂ ಕೊಬ್ಬನ್ನೂ ಸ್ನಾಯುವಿನೊಡನೆ ಮೇಲಕ್ಕೆ ತರುವ ಹಾರ್ಟ್ರಂಪ್‌ಫನ ಕ್ರಮ ೧೯೮೨ರಲ್ಲಿ ಬಂದವು. ಸ್ನಾಯುವನ್ನು ಬಿಟ್ಟು ರಕ್ತನಾಳದೊಡನೆ ಚರ್ಮವನ್ನೂ ಕೊಬ್ಬನ್ನೂ ಮಾತ್ರ ಸಾಗಿಸುವ ಸೂಕ್ಷ್ಮ ಕ್ರಮಕ್ಕೆ ಜಪಾನಿನ ಕೊಶಿಮಾ ೧೯೮೯ರಲ್ಲಿ ದಾರಿ ತೋರಿದನು. ಅಮೆರಿಕದ ಆಲೆನ್ ಅದನ್ನು ಸ್ತನಕ್ಕೆ ಅಳವಡಿಸಿ ೧೯೯೪ರಲ್ಲಿ ಪ್ರಕಟಿಸಿದನು.

ಇಲ್ಲಿ ದೇಹರಚನೆಯ ಅರ್ಧ ಉತ್ತರವನ್ನು ಹೇಳಬೇಕು. ಸ್ತನದ ಚರ್ಮಕ್ಕೆ ಸ್ಪರ್ಶವನ್ನು ಕೊಡುವ ನರಗಳು ಪಕ್ಕೆಲುಬುಗಳ ನಡುವಿನಿಂದ, ಕೆಲವು ಎದೆಮೂಳೆಯ ಕಡೆಯಿಂದಲೂ ಕೆಲವು ಕಂಕುಳಿನ ಕಡೆಯಿಂದಲೂ ಹೊರಟುಬರುತ್ತವೆ. ತೊಟ್ಟಿಗೆ ಬರುವ ಮುಖ್ಯ ನರ ಸಾಮಾನ್ಯವಾಗಿ ನಾಲ್ಕನೆಯದರ ಪಾರ್ಶ್ವಶಾಖೆ. ಇವು ಚರ್ಮವನ್ನು ಮುಟ್ಟುವುದಕ್ಕೆ ಸ್ತನದ ಗ್ರಂಥಿಯ ಮೂಲಕವೇ ಹಾದುಹೋಗಬೇಕು. ಗ್ರಂಥಿಯನ್ನು ತೆಗೆಯುವಾಗ ಇವು ಕಡಿದುಹೋಗುವುದು ಬಹುಮಟ್ಟಿಗೆ ಅನಿವಾರ್ಯ. ಅದು ವೈದ್ಯನ ಅಜಾಗರೂಕತೆಯಲ್ಲ. ಹೊಟ್ಟೆಯಿಂದ ತಂದ ಚರ್ಮದ ನರಗಳೂ ಅಲ್ಲಿಯೇ ಕಡಿದಿರುತ್ತವೆ. ಹುಬ್ಬಿನ ನಡುವಣ ಎಸಳನ್ನು ಕತ್ತರಿಸಿದ ಮೇಲಿನ ಮೂಗಿನ ಸ್ಥಿತಿ ಯಾವುದೋ, ಹೊಸ ಸ್ತನದ ಸ್ಥಿತಿಯೂ ಅದೇ. ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ಜೋಡಿಸಿರುವುದರಿಂದ ಚರ್ಮ ಬದುಕಿರುತ್ತದೆ. ಆದರೆ ಅದಕ್ಕೆ ವಿಳಾಸವಿಲ್ಲ.

ಕಡಿದ ನರ ಮತ್ತೆ ಬೆಳೆಯಬಲ್ಲದು. ಕತ್ತರಿಸಿದ ಎಡೆಯಿಂದಾಚೆಯ ತುಂಡು ನಶಿಸುತ್ತದೆಂಬುದನ್ನು ವಾಲರ್ ೧೮೫೦ರಲ್ಲಿ ಕಪ್ಪೆಯ ನಾಲಗೆಯ ನರದಲ್ಲಿ ತೋರಿಸಿದನು. ಮೂಲದ ಕಡೆಯ ತುದಿಯಿಂದ ಹೊಸ ತಂತುಗಳು ಚಿಗುರಿ, ಹಳೆಯ ಖಾಲಿ ಕೊಳವೆಗಳ ದಾರಿ ಹಿಡಿದು ಸಾಗುತ್ತವೆ. ಈ ಬೆಳವಣಿಗೆ ಹೇಗಿರುತ್ತದೆಂದು ತಿಳಿಯಲು ಲಂಡನ್ನಿನ ವೈದ್ಯ ಹೆನ್ರಿ ಹೆಡ್ ೧೯೦೩ರ ಏಪ್ರಿಲಿನಲ್ಲಿ ತನ್ನ ಎಡಗೈಯ ನರವನ್ನು ತಾನೇ ಕತ್ತರಿಸಿಕೊಂಡನು! ಕತ್ತರಿಸಿ ಹೊಲಿಯುವುದರಲ್ಲಿ ಪಾಲ್ಗೊಂಡವನು ಅವನ ಮಿತ್ರನಾದ ಶಸ್ತ್ರವೈದ್ಯ ಜೇಮ್ಸ್ ಶೆರೆನ್. ಕೇಂಬ್ರಿಜ್ಜಿನ ಕೋಣೆಯಲ್ಲಿ ನಾಲ್ಕು ವರ್ಷಗಳ ಕಾಲ ಆ ಚರ್ಮವನ್ನು ಪರೀಕ್ಷಿಸಿದವನು ರಿವರ್ಸ್, ಮುಂದೆ ನೀಲಗಿರಿಯ ತೋಡರನ್ನು ಕುರಿತ ಗ್ರಂಥದಿಂದ ನಮ್ಮವರಿಗೂ ಪರಿಚಿತನಾದವನು. ಮೊದಲು ಒರಟಾದ ನೋವೂ, ಬಹುಕಾಲದ ಬಳಿಕ ಹಗುರಾದ ಸ್ಪರ್ಶವೂ ಮರಳಿದವೆಂದು ಅವರು ೧೯೦೮ರಲ್ಲಿ ವರದಿಮಾಡಿದರು. ಅವರ ಸಿದ್ಧಾಂತವನ್ನು ಮುಂದಿನವರು ಒಪ್ಪಲಿಲ್ಲ. ಆದರೆ ರೋಗಿಯೂ ವರದಿಗಾರನೂ ಒಬ್ಬನೇ ಆಗಿದ್ದ ಇಂಥ ಆಧಾರ ಇತಿಹಾಸದಲ್ಲಿ ಅಪೂರ್ವ.

ನರವು ದಿನಕ್ಕೆ ಸುಮಾರು ೧ ಮಿಲಿಮೀಟರಿನಂತೆ ಬೆಳೆಯುತ್ತದೆ ಎಂಬುದು ಸಾಮಾನ್ಯ ಲೆಕ್ಕ. ೧೦ ಸೆಂಟಿಮೀಟರ್ ದೂರವನ್ನು ಕ್ರಮಿಸಲು ೧೦೦ ದಿನ, ಹೊಲಿಗೆಯನ್ನು ದಾಟುವ ಕಾಲ ಬೇರೆ. ಅನುಭವಕ್ಕೆ ಬರುವಂತೆ ಸ್ಪರ್ಶ ಕೂಡಿಬರಲು ಒಂದೆರಡು ವರ್ಷಗಳೂ ಹಿಡಿಯುತ್ತವೆ. ನರವನ್ನು ಜೋಡಿಸದೆ ಬಿಟ್ಟರೂ ಸುತ್ತಣ ಚರ್ಮದಿಂದ ತಂತುಗಳು ಅಂಚಿನಿಂದ ಒಳಕ್ಕೆ ಹಬ್ಬಿ ತಕ್ಕಮಟ್ಟಿಗೆ ಸ್ಪರ್ಶ ಬರುವುದುಂಟು. ನಡುಭಾಗಕ್ಕೆ ಅದು ತಲಪುವುದು ಕಷ್ಟ. ಎದೆಯ ಪಕ್ಕೆಲುಬಿನ ನಡುವಣ ನರವೊಂದನ್ನು ಹುಡುಕಿ, ಹೊಟ್ಟೆಯ ಚರ್ಮದೊಡನೆ ತಂದ ನರಕ್ಕೆ ಸೂಕ್ಷ್ಮದರ್ಶಕದಡಿ ಹೊಲಿದರೆ, ತಂತುಗಳಿಗೆ ದಾರಿ ನೇರವಾಗುತ್ತದೆ. ಬೆಲ್ಜಿಯಂ ದೇಶದ ಗೆಂಟ್ ನಗರದ ಬ್ಲಾಂಡೀಲ್ ೧೯೯೯ರಲ್ಲಿ ನರ ಜೋಡಿಸಿದವರನ್ನೂ ಜೋಡಿಸದವರನ್ನೂ ಹೋಲಿಸಿ, ಜೋಡಿಸಿದವರಲ್ಲಿ ಸ್ಪರ್ಶ ಹೆಚ್ಚಾಗಿ ಮರಳಿತೆಂದು ತೋರಿಸಿದನು. ಅಲ್ಲಿಂದೀಚಿನ ಅಧ್ಯಯನಗಳೂ ಬಹುತೇಕ ಇದೇ ದಿಕ್ಕಿನಲ್ಲಿವೆ. ನರದ ನಡುವೆ ಅಂತರ ಬಿದ್ದರೆ ಬೇರೆಡೆಯ ನರದ ತುಂಡನ್ನು ಕೂಡಿಸುವ, ಸಿಲಿಕೋನ್ ಚೀಲವಿಟ್ಟು ತೊಟ್ಟನ್ನು ಉಳಿಸಿದವರಲ್ಲೂ ನರಕ್ಕೆ ದಾರಿ ಮಾಡಿಕೊಡುವ ಪ್ರಯತ್ನಗಳೂ ನಡೆಯುತ್ತಿವೆ. ಹಳೆಯ ಸ್ತನದ ಪೂರ್ಣ ಅನುಭವ, ಅದರಲ್ಲೂ ದಾಂಪತ್ಯಕ್ಕೆ ಸಂಬಂಧಿಸಿದ ಸೂಕ್ಷ್ಮ ಅನುಭವ ಮರಳುತ್ತದೆಂದು ಮಾತ್ರ ಯಾರೂ ಭರವಸೆ ಕೊಡಲಾರರು. ಕಿರಣಚಿಕಿತ್ಸೆಯೂ ಇದಕ್ಕೆ ಅಡ್ಡಿಯಾಗಬಹುದು.

ಸ್ಪರ್ಶವಿಲ್ಲದಿದ್ದರೆ ನಷ್ಟವೇನು, ಜೀವ ಉಳಿದುದೇ ಸಾಲದೇ ಎನ್ನುವವರುಂಟು. ವೆಲ್ಲೂರಿನ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳಲ್ಲಿ ಕಂಡುಕೊಂಡ ಸತ್ಯ ಇಲ್ಲಿ ಉತ್ತರವಾಗಬಲ್ಲದು. ಬೆರಳುಗಳು ರೋಗದಿಂದ ಉದುರುವುದಿಲ್ಲ. ನೋವು ತಿಳಿಯದ ಕೈ ಬಿಸಿ ಪಾತ್ರೆಯನ್ನು ಹಿಡಿದು, ಗಾಯವನ್ನು ಲೆಕ್ಕಿಸದೆ ದುಡಿದು ತಾನೇ ಸವೆಯುತ್ತದೆ. ಪುನರ್ನಿರ್ಮಿತ ಸ್ತನದ ಮೇಲೆ ಬಿಸಿನೀರಿನ ಚೀಲವನ್ನಿಟ್ಟುಕೊಂಡು, ತಿಳಿಯದೆಯೇ ಚರ್ಮ ಸುಟ್ಟುಕೊಂಡ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ವರದಿಯಾಗಿವೆ. ಕಲಬುರಗಿ ಸೀಮೆಯ ಬಿಸಿಲನ್ನೂ, ಒಲೆಯ ಮುಂದೆ ಕುಳಿತು ರೊಟ್ಟಿ ಬೇಯಿಸುವ ಹೊತ್ತನ್ನೂ, ಚಳಿಗಾಲದ ಹಂಡೆಯ ನೀರನ್ನೂ ನೆನೆದರೆ ಈ ಎಚ್ಚರಿಕೆ ನಮ್ಮ ಮನೆಗಳಿಗೆ ಎಷ್ಟು ಅಗತ್ಯವೆಂಬುದು ತಿಳಿಯುತ್ತದೆ. ನೀರಿನ ಬಿಸಿಯನ್ನು ಮೊದಲು ಮಣಿಕಟ್ಟಿನ ಒಳಭಾಗದಿಂದ ನೋಡಿಕೊಳ್ಳಬೇಕು. ಆ ಎಡೆಗೆ ಶಾಖ ಕೊಡಬಾರದು. ಕನ್ನಡಿಯಲ್ಲಿ ಚರ್ಮವನ್ನು ನೋಡಿಕೊಳ್ಳುವ ಅಭ್ಯಾಸವಿರಬೇಕು. ಸ್ತನವನ್ನು ಮತ್ತೆ ಕಟ್ಟಿಸಿಕೊಳ್ಳದ ಸ್ತ್ರೀಯರೇ ನಮ್ಮಲ್ಲಿ ಹೆಚ್ಚು. ಅವರಿಗೂ ಎದೆಯ ಮೇಲೆ, ಕಂಕುಳಿನಲ್ಲಿ, ತೋಳಿನ ಒಳಭಾಗದಲ್ಲಿ ಸ್ಪರ್ಶ ಹೋಗಿರುವುದುಂಟು. ಕಂಕುಳಿನ ಗ್ರಂಥಿಗಳನ್ನು ತೆಗೆಯುವಾಗ ತೋಳಿಗೆ ಹೋಗುವ ಸಣ್ಣ ನರವೊಂದು ಕಡಿಯುವುದೇ ಇದಕ್ಕೆ ಕಾರಣ. ಈ ಮಾತನ್ನು ಮೊದಲೇ ತಿಳಿಸಿದ್ದರೆ, ರೋಗ ಮರಳಿತೇನೋ ಎಂಬ ಭೀತಿಯಾದರೂ ತಪ್ಪುತ್ತದೆ.

ಈ ತಾಲೂಕುಗಳು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ನಗರದ ಕ್ಯಾನ್ಸರ್ ಆಸ್ಪತ್ರೆ ೧೯೫೫ರಲ್ಲಿ ಆರಂಭವಾಯಿತು. ಕಲಬುರಗಿಯ ವೈದ್ಯಕೀಯ ಕಾಲೇಜು ೧೯೬೩ರಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆಯೊಂದು ಅಲ್ಲಿ ಕೆಲಸಮಾಡುತ್ತಿದೆ. ಎಂದರೆ ಇಲ್ಲಿಯ ಸ್ತ್ರೀಯರ ಚಿಕಿತ್ಸೆಯ ಕಾಗದಗಳು ಒಂದು ತಲೆಮಾರಿಗೂ ಹಿಂದಿನಿಂದ ಎರಡು ರಾಜ್ಯಗಳಲ್ಲಿ ಹಂಚಿಹೋಗಿವೆ. ಆಸ್ಪತ್ರೆಯ ಕಾಗದದಲ್ಲಿ ಗಂತಿಯ ಗಾತ್ರ, ಗ್ರಂಥಿಗಳ ಸಂಖ್ಯೆ, ಗಾಯ ಮಾಯ್ದ ದಿನ ಇರುತ್ತವೆ. ೧೭೯೪ರ ಪತ್ರದಂತೆ ಅದೂ ಕಂಡದ್ದನ್ನೇ ಹೇಳುತ್ತದೆ. ಉಳಿದುದನ್ನು ತಿಳಿಯಬೇಕಾದರೆ ಬದುಕಿರುವವರನ್ನು, ಅವರ ಒಪ್ಪಿಗೆಯಿಂದ, ಹೆಸರನ್ನು ಗುಪ್ತವಾಗಿಟ್ಟು ಕೇಳಬೇಕು. ಇತಿಹಾಸ ವಿಭಾಗದ ವಿದ್ಯಾರ್ಥಿನಿಯರು ವೈದ್ಯರ ನೆರವಿನಿಂದ ಇಂಥ ಮೌಖಿಕ ಸಂಗ್ರಹವನ್ನು ಕೈಗೊಳ್ಳುವುದು ಸಾಧ್ಯವೆಂದು ನಾವು ನಂಬುತ್ತೇವೆ. ಪುರುಷರಾದ ವಿದ್ಯಾರ್ಥಿಗಳಿಗೆ ಈ ಕೆಲಸ ಒಪ್ಪದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕೆಲಸದಲ್ಲಿ ಶಬ್ದಗಳನ್ನು ಅವರು ಆಡಿದಂತೆಯೇ ಬರೆದುಕೊಳ್ಳುವುದು ಅತ್ಯಾವಶ್ಯಕ. ‘ಸ್ಪರ್ಶಜ್ಞಾನವಿದೆಯೇ’ ಎಂದು ಕೇಳಿದರೆ ಯಾರೂ ಉತ್ತರ ಕೊಡಲಾರರು. ಮರಗಟ್ಟುವುದು, ಜೋಮು ಹಿಡಿಯುವುದು, ಚುರುಚುರು ಎನ್ನುವುದು, ಇರುವೆ ಹರಿದಂತಾಗುವುದು ಇವೆಲ್ಲ ಬೇರೆ ಬೇರೆ ಅನುಭವಗಳು. ‘ಮರಗಟ್ಟಿದೆ’ ಎಂದರೆ ಅಲ್ಲಿ ನರದ ಸುದ್ದಿಯೇ ಇಲ್ಲ. ‘ಇರುವೆ ಹರಿದಂತಾಗುತ್ತದೆ’ ಎಂಬ ದೂರನ್ನು ಮನೆಯವರು ಹೊಸ ತೊಂದರೆಯೆಂದು ಭಾವಿಸಿ ಗಾಬರಿಯಾಗಬಹುದು. ಫ್ರಾನ್ಸಿನ ಸೈನಿಕ ವೈದ್ಯನಾದ ಟಿನೆಲ್ ೧೯೧೫ರಲ್ಲಿ, ಮೊದಲ ಮಹಾಯುದ್ಧದ ಗಾಯಾಳುಗಳ ಕಡಿದ ನರದ ದಾರಿಯಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋದಾಗ, ಒಂದು ಎಡೆಯಲ್ಲಿ ಅವರಿಗೆ ಮುಂದಕ್ಕೆ ಏನೋ ಹರಿದಂತಾಗುತ್ತಿತ್ತು. ಹೊಸ ತಂತುಗಳು ಅಲ್ಲಿಯವರೆಗೆ ಬೆಳೆದು ಬಂದಿವೆ ಎಂಬುದರ ಗುರುತು ಅದು. ತಿಂಗಳು ತಿಂಗಳಿಗೆ ಆ ಎಡೆ ಮುಂದಕ್ಕೆ ಸರಿಯುತ್ತಿತ್ತು. ಅವನು ಅದಕ್ಕೆ ಕೊಟ್ಟ ಫ್ರೆಂಚ್ ಹೆಸರಿನ ಅರ್ಥ ‘ಇರುವೆ ಹರಿಯುವ ಚಿಹ್ನೆ’ ಎಂದೇ.